ರೇಡಿಯೋ ಸುದ್ದಿ ಯಾರ ಕಡೆ?

"ರೇಡಿಯೋದಲ್ಲೇ ಹೇಳಿದ್ರು, ಸುಳ್ಳಾಗುತ್ತಾ?" ಇಂಥ ಮಾತನ್ನು ನಾವು ಎಷ್ಟೋ ಸಲ ಆಡಿದ್ದೇವೆ. ಮಳೆ, ಬೆಳೆ, ಪೇಟೆ ಧಾರಣೆ, ಚುನಾವಣೆ ಎಲ್ಲವನ್ನೂ ರೇಡಿಯೋ ತಿಳಿಸುತ್ತದೆ. ಅಕ್ಷರ ಬಾರದಿದ್ದಾಗಲೂ ನಮಗೆ ಸುದ್ದಿ ಮುಟ್ಟಿಸಿದ್ದು ಅದೇ. ಅದಕ್ಕೇ ಅದರ ಮೇಲೆ ನಂಬಿಕೆ.

ಆದರೆ ಇನ್ನು ಕೆಲವರು ಬೇರೆ ಮಾತು ಹೇಳುತ್ತಾರೆ. "ಅದು ಸರ್ಕಾರದ ರೇಡಿಯೋ. ಆಳುವವರನ್ನೇ ಹೊಗಳುತ್ತೆ" ಅಂತಾರೆ. ಇದರಲ್ಲಿ ನಿಜ ಎಷ್ಟು? ಬನ್ನಿ, ನೋಡೋಣ.

ಇದು ಯಾರ ರೇಡಿಯೋ?

ಆಕಾಶವಾಣಿ ಎಂಬ ಹೆಸರು ನಮ್ಮ ಮೈಸೂರಿನದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮೇಷ್ಟ್ರು ತಮ್ಮ ಮನೆಯಲ್ಲೇ ಒಂದು ಚಿಕ್ಕ ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು.

ಆಕಾಶವಾಣಿ ನಡೆಯುವುದು ಹೆಚ್ಚಾಗಿ ಸರ್ಕಾರ ಕೊಡುವ ಹಣದಿಂದ. ಸರ್ಕಾರಕ್ಕೆ ಹಣ ಎಲ್ಲಿಂದ ಬರುತ್ತದೆ? ನಾವು ಒಂದು ಸೋಪು ಕೊಂಡರೂ ಅದರಲ್ಲಿ ತೆರಿಗೆ ಸೇರಿರುತ್ತದೆ. ಅಂದರೆ ಅದು ನಮ್ಮ ಹಣ. ಕೂಲಿ ಹೆಂಗಸಿನ ದುಡ್ಡೂ ಅದರಲ್ಲಿದೆ. ಆಳುವ ಪಕ್ಷಕ್ಕೆ ಓಟು ಹಾಕದವರ ದುಡ್ಡೂ ಅದರಲ್ಲಿದೆ. ಹಾಗಾದರೆ ರೇಡಿಯೋ ಎಲ್ಲರ ಮಾತನ್ನೂ ಹೇಳಬೇಕು, ಅಲ್ಲವೇ?

ಒಂದೇ ಕಡೆಯ ಮಾತು ಕೇಳಿದ ಕಾಲ

1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಿದರು. ಆಗ ಇಂದಿರಾ ಗಾಂಧಿ ಪ್ರಧಾನಿ. ಮಾರನೇ ದಿನ ಬೆಳಿಗ್ಗೆ ಅವರೇ ರೇಡಿಯೋದಲ್ಲಿ ಇದನ್ನು ತಿಳಿಸಿದರು. ವಿರೋಧ ಪಕ್ಷಗಳ ನಾಯಕರನ್ನು ಜೈಲಿಗೆ ಹಾಕಿದರು. ಪತ್ರಿಕೆಗಳು ಏನು ಅಚ್ಚು ಮಾಡಬೇಕು ಎಂಬುದನ್ನು ಅಧಿಕಾರಿಗಳು ಮೊದಲೇ ನೋಡುತ್ತಿದ್ದರು. ರೇಡಿಯೋ ಅಂತೂ ಸರ್ಕಾರದ ಕೈಯಲ್ಲೇ ಇತ್ತು.

ನಮ್ಮ ಬೆಂಗಳೂರಿನ ನಟಿ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಬಂಧಿಸಿದರು. ಅವರಿಗೆ ಉಬ್ಬಸದ ಕಾಯಿಲೆ ಇತ್ತು. 1977ರ ಜನವರಿಯಲ್ಲಿ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಉತ್ತರ ಭಾರತದ ಹಲವು ಕಡೆ ಜನರಿಗೆ ಬಲವಂತವಾಗಿ ಮಕ್ಕಳಾಗದ ಆಪರೇಷನ್ ಮಾಡಿಸಿದರು. ಇಂಥ ಕಷ್ಟಗಳನ್ನು ಬಿಚ್ಚಿ ಹೇಳುವ ಸ್ವಾತಂತ್ರ್ಯ ರೇಡಿಯೋಗೆ ಇರಲಿಲ್ಲ. ಸರ್ಕಾರದ ಸಾಧನೆಯ ಮಾತೇ ಬರುತ್ತಿತ್ತು. ಜನ ಅದನ್ನು "ಆಲ್ ಇಂಡಿಯಾ ರೇಡಿಯೋ ಅಲ್ಲ, ಆಲ್ ಇಂದಿರಾ ರೇಡಿಯೋ" ಎಂದು ಗೇಲಿ ಮಾಡಿದರು.

ನಂಬಿಕೆ ಒಮ್ಮೆ ಹೋದರೆ ಬೇಗ ಬರುವುದಿಲ್ಲ. 1984ರ ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿಯವರಿಗೆ ಗುಂಡು ಹೊಡೆದರು. ಅವರು ತೀರಿಕೊಂಡ ಸುದ್ದಿಯನ್ನು ಆಕಾಶವಾಣಿ ಹೇಳಿದ್ದು ಸಂಜೆ. ಅಷ್ಟರಲ್ಲಿ ಬ್ರಿಟನ್ನಿನ ಬಿಬಿಸಿ ರೇಡಿಯೋ ಅದನ್ನು ಹೇಳಿಬಿಟ್ಟಿತ್ತು. ನಮ್ಮ ದೇಶದ ಸುದ್ದಿಗೆ ನಾವು ಪರದೇಶದ ರೇಡಿಯೋ ಹಾಕಬೇಕಾಯಿತು!

ಕಾನೂನು ಬಂತು, ದೂರು ನಿಂತಿತೇ?

1977ರಲ್ಲಿ ಜನ ಸರ್ಕಾರವನ್ನು ಬದಲಾಯಿಸಿದರು. ರೇಡಿಯೋಗೆ ಸ್ವಾತಂತ್ರ್ಯ ಕೊಡುತ್ತೇವೆ ಎಂದು ಹೊಸಬರು ಹೇಳಿದರು. ವರ್ಗೀಸ್ ಸಮಿತಿ 1978ರಲ್ಲಿ ವರದಿ ಕೊಟ್ಟಿತು. ಆದರೂ ಕೆಲಸ ಮುಗಿಯಲಿಲ್ಲ. 1990ರಲ್ಲಿ ಪ್ರಸಾರ ಭಾರತಿ ಕಾನೂನು ಆಯಿತು. ಅದು ಜಾರಿಗೆ ಬಂದದ್ದು 1997ರಲ್ಲಿ. ಕಾನೂನು ಏಳು ವರ್ಷ ಕಪಾಟಿನಲ್ಲಿ ಮಲಗಿತ್ತು!

ಯಾಕೆ ಹೀಗೆ? ವಿರೋಧ ಪಕ್ಷದಲ್ಲಿ ಇದ್ದಾಗ ಎಲ್ಲರಿಗೂ ಸ್ವತಂತ್ರ ರೇಡಿಯೋ ಬೇಕು. ಕುರ್ಚಿ ಸಿಕ್ಕಿದ ಮೇಲೆ ಅದು ಮರೆತು ಹೋಗುತ್ತದೆ. ಪ್ರಸಾರ ಭಾರತಿ ಬಂದ ಮೇಲೂ ದೂರು ನಿಂತಿಲ್ಲ. ಯಾವ ಪಕ್ಷ ಬಂದರೂ ಉಳಿದವರು ದೂರುತ್ತಾರೆ. ಹಣದ ಗಂಟು ಸರ್ಕಾರದ ಕೈಯಲ್ಲಿ ಇರುವುದು ಇದಕ್ಕೆ ಒಂದು ಕಾರಣ.

ಒಂದು ಒಳ್ಳೆಯ ಕೆಲಸವೂ ಆಗಿದೆ. ಚುನಾವಣೆ ಬಂದಾಗ ಮಾನ್ಯತೆ ಪಡೆದ ಪಕ್ಷಗಳಿಗೆ ರೇಡಿಯೋದಲ್ಲಿ ಮಾತಾಡಲು ಉಚಿತವಾಗಿ ಸಮಯ ಕೊಡುತ್ತಾರೆ. ಆಗ ನಾವು ಹಲವರ ಮಾತು ಕೇಳಿ, ತೂಗಿ ನೋಡಬಹುದು.

ಸುಳ್ಳು ಹೇಳದೆಯೂ ಪಕ್ಷ ವಹಿಸಬಹುದು

ಒಂದು ಉದಾಹರಣೆ ನೋಡಿ. "ಊರಿಗೆ ಹೊಸ ನಲ್ಲಿ ಬಂತು" ಎಂದು ಸುದ್ದಿ ಬರುತ್ತದೆ. ಅದು ನಿಜವೇ. ಆದರೆ ನಲ್ಲಿ ಬಂದದ್ದು ಒಂದೇ ಬೀದಿಗೆ. ಉಳಿದ ಕೇರಿಯ ಹೆಂಗಸರು ಇನ್ನೂ ಕೊಡ ಹೊತ್ತು ನಡೆಯುತ್ತಿದ್ದಾರೆ. ಅವರನ್ನು ಯಾರೂ ಕೇಳಲಿಲ್ಲ. ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಬಿಟ್ಟುಹೋಯಿತು.

ಅದಕ್ಕೇ ಸುದ್ದಿ ಕೇಳುವಾಗ ಈ ಪ್ರಶ್ನೆ ಹಾಕಿಕೊಳ್ಳೋಣ:

ಯಾರ ಮಾತು ಕೇಳಿಸಿದರು? ಯಾರ ಮಾತು ಬಿಟ್ಟರು?
ಯಾವ ಸುದ್ದಿ ಮೊದಲು ಬಂತು? ಯಾವುದು ಕೊನೆಗೆ ಹೋಯಿತು?
ಯಾರಿಗೆ ಹೆಚ್ಚು ಹೊತ್ತು ಕೊಟ್ಟರು?
ಬೇರೆ ಪತ್ರಿಕೆಯಲ್ಲಿ ಇದೇ ಸುದ್ದಿ ಹೇಗಿದೆ?

ಇನ್ನೊಂದು ಮಾತು. ನಮಗೆ ಇಷ್ಟವಾದ ಪಕ್ಷವನ್ನು ಟೀಕಿಸಿದ ಕೂಡಲೇ "ರೇಡಿಯೋ ಸರಿಯಿಲ್ಲ" ಅನ್ನಬಾರದು. ಬೇಡವಾದ ಸುದ್ದಿಯೂ ನಿಜ ಇರಬಹುದು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಹಿರಿಯರು ಹೇಳಿದ್ದಾರೆ. ಕಣ್ಣಲ್ಲಿ ಕಂಡದ್ದನ್ನೇ ಪರೀಕ್ಷೆ ಮಾಡಬೇಕು ಅಂದ ಮೇಲೆ ಕಿವಿಯಲ್ಲಿ ಕೇಳಿದ್ದನ್ನು ಬಿಡಲಾದೀತೇ? ಈಗ ನಮಗೆ ಓದಲು ಬರುತ್ತದೆ. ರೇಡಿಯೋದಲ್ಲಿ ಕೇಳಿದ್ದನ್ನು ಪತ್ರಿಕೆಯಲ್ಲಿ ಓದಿ ನೋಡೋಣ. ಸುದ್ದಿ ಕೇಳಿ ನಾವು ಓಟು ಹಾಕುತ್ತೇವೆ. ಅದು ಅರ್ಧ ಸುದ್ದಿಯಾದರೆ ನಷ್ಟ ನಮಗೇ.