ಕಾಡಿನ ದನಿ ಮತ್ತು ನಮ್ಮ ಆರೋಗ್ಯ

ಮುಂಬಯಿಯ ಉಪನಗರಗಳು ಹಬ್ಬಿರುವ ಸಾಷ್ಟಿ ದ್ವೀಪದ ಮಧ್ಯದಲ್ಲಿ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಈ ಸಂರಕ್ಷಿತ ಅರಣ್ಯವನ್ನು ಮನೆಗಳೂ ಹೆದ್ದಾರಿಗಳೂ ಸುತ್ತುವರಿದಿರುವುದರಿಂದ ಇದನ್ನು ದ್ವೀಪದೊಳಗಿನ ದ್ವೀಪವೆಂದರೂ ಸಲ್ಲುತ್ತದೆ. ನಗರಕ್ಕೆ ನೀರೊದಗಿಸುವ ತುಳಸಿ ಮತ್ತು ವಿಹಾರ ಸರೋವರಗಳು ಇದರ ಮಡಿಲಲ್ಲಿವೆ. ಚಿರತೆಗಳೂ ಇಲ್ಲಿ ವಾಸಿಸುತ್ತವೆ.

ದಟ್ಟವಾದ ಕಾಡಿನಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು ಉಪಯುಕ್ತ. ಚಿರತೆ ಗರಗಸದಿಂದ ಮರ ಕೊಯ್ದಂತೆ ಕೂಗುತ್ತದೆ. ಅದನ್ನು ಕಂಡ ಜಿಂಕೆ ಎಚ್ಚರಿಕೆಯ ದನಿ ತೆಗೆಯುತ್ತದೆ. ಮಳೆಗಾಲದಲ್ಲಿ ಕಪ್ಪೆಗಳೂ ಜೀರುಂಡೆಗಳೂ ಒಟ್ಟಾಗಿ ದನಿಗೂಡಿಸುತ್ತವೆ. ತೊರೆಗಳ ಬಳಿ ಮಲಬಾರ್ ಸಿಳ್ಳಾರವು ಮನುಷ್ಯನಂತೆಯೇ ಸಿಳ್ಳು ಹಾಕುತ್ತದೆ. ವೈದ್ಯರು ಎದೆಬಡಿತವನ್ನು ಆಲಿಸಿ ದೇಹಸ್ಥಿತಿಯನ್ನು ತಿಳಿಯುವಂತೆ, ಈ ದನಿಗಳಿಂದ ಅರಣ್ಯದ ಆರೋಗ್ಯವನ್ನು ಅಳೆಯಬಹುದು.

ಹಕ್ಕಿಯ ಹಾಡಿನ ಧ್ವನಿಮುದ್ರಣಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು 1889ರದು. ಜರ್ಮನಿಯ ಲುಡ್ವಿಗ್ ಕೋಖ್ ಎಂಬ ಬಾಲಕನು ಮೇಣದ ಸುರುಳಿಯ ಮೇಲೆ ಮುದ್ರಿಸಿಕೊಂಡದ್ದು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಇರುವ ಶಾಮಾ ಹಕ್ಕಿಯ ಹಾಡನ್ನು! ಇಂದು ಅಂಗೈಯಗಲದ ಸ್ವಯಂಚಾಲಿತ ಯಂತ್ರವನ್ನು ಮರಕ್ಕೆ ಕಟ್ಟಿದರೆ, ಅದು ನಿಗದಿತ ವೇಳೆಗಳಲ್ಲಿ ತಾನೇ ಮುದ್ರಿಸಿಕೊಳ್ಳುತ್ತದೆ. ಗಾಳಿ ಕಡಿಮೆಯಿರುವ, ಹಕ್ಕಿಗಳು ಹೆಚ್ಚಾಗಿ ಹಾಡುವ ಬೆಳಗಿನ ಜಾವವೇ ಇದಕ್ಕೆ ಪ್ರಶಸ್ತ ಕಾಲ. ಸ್ಥಳ, ದಿನಾಂಕ, ವೇಳೆ, ಹವಾಮಾನಗಳನ್ನು ಬರೆದಿಡದ ಮುದ್ರಣಕ್ಕೆ ಶಾಸ್ತ್ರೀಯ ಬೆಲೆಯಿಲ್ಲ. ಇಂದಿನ ದನಿಗಳನ್ನು ಹೀಗೆ ಕಾದಿರಿಸದಿದ್ದರೆ, ಮುಂದೆ ಯಾವ ದನಿ ಅಡಗಿತೆಂಬುದನ್ನು ಹೋಲಿಸಿ ನೋಡಲು ಆಧಾರವೇ ಇರುವುದಿಲ್ಲ.

ವಾಹನಗಳ ಗದ್ದಲವು ಹಕ್ಕಿಗಳ ಮಂದ್ರಸ್ವರಗಳನ್ನು ಮುಚ್ಚಿಹಾಕುತ್ತದೆ. ಹಾಲೆಂಡಿನ ಲೈಡನ್ ನಗರದಲ್ಲಿ ಗದ್ದಲವಿರುವ ಬೀದಿಗಳ ಪುಟ್ಟ ಹಕ್ಕಿಗಳು ಹೆಚ್ಚು ಏರುದನಿಯಲ್ಲಿ ಹಾಡುತ್ತವೆಂದು 2003ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಮನುಷ್ಯನಿಗೂ ಸದ್ದಿನ ಹಾನಿ ತಪ್ಪಿದ್ದಲ್ಲ: ನಿದ್ರಾಭಂಗ, ರಕ್ತದೊತ್ತಡದ ಏರಿಕೆ, ಹೃದ್ರೋಗದ ಅಪಾಯ. ವಸತಿಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ರಸ್ತೆಯಂಚಿನ ಕೋಣೆಗಳಲ್ಲಿ ಮಲಗುವ ನಮಗೆ ಆ ನೆಮ್ಮದಿ ಅಪರೂಪ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಸಮೀಕ್ಷೆಯು, ಹಕ್ಕಿಗಳ ದನಿಯು ಮನಸ್ಸಿನ ಒತ್ತಡವನ್ನು ಇಳಿಸುವುದರಲ್ಲಿಯೂ ನೀರಿನ ಸದ್ದು ಉಲ್ಲಾಸವನ್ನು ಹೆಚ್ಚಿಸುವುದರಲ್ಲಿಯೂ ಮುಂದಿವೆಯೆಂದು ಕಂಡುಕೊಂಡಿತು.

ಆದುದರಿಂದ ವಾಚಕರು ರಜೆಯ ಬೆಳಗು ಮಕ್ಕಳೊಡನೆ ಉದ್ಯಾನಕ್ಕೆ ಹೋಗಿ, ಸಾರ್ವಜನಿಕರಿಗೆ ತೆರೆದಿರುವ ದಾರಿಯಲ್ಲಿಯೇ ನಡೆದು, ಹತ್ತು ನಿಮಿಷ ಮಾತಿಲ್ಲದೆ ಕುಳಿತು ಆಲಿಸಬೇಕು. ಕೈಯಲ್ಲಿರುವ ಫೋನಿನಲ್ಲಿ ಮುದ್ರಿಸಿಕೊಳ್ಳಬಹುದು; ಆದರೆ ಮುದ್ರಿಸಿದ ಕೂಗನ್ನು ಅಲ್ಲಿಯೇ ನುಡಿಸಿ ಹಕ್ಕಿಗಳನ್ನು ಕೆಣಕಬಾರದು. ಯಂತ್ರಗಳನ್ನು ಇರಿಸುವುದಾದರೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಊರಿನ ತೋಟದ ಹಕ್ಕಿಗಳನ್ನು ದನಿಯಿಂದಲೇ ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕರೆದೊಯ್ಯಿರಿ. ಮಕ್ಕಳಿಗೆ ಅವರಿಗಿಂತ ಒಳ್ಳೆಯ ಗುರುಗಳು ಸಿಗಲಾರರು.