ಕುಂಚವೇ ಕಸುಬಾದಾಗ

ಹೋದ ಸಂಕ್ರಾಂತಿಯ ದಿನ ನಮ್ಮ ಸಂಘದ ಕೂಟದಲ್ಲಿ ಎಳ್ಳು ಬೆಲ್ಲ ಹಂಚಿಯಾದ ಮೇಲೆ ಹಿರಿಯರೊಬ್ಬರು ಎಂದಿನಂತೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು, "ಮುಂದೆ ಏನಾಗುತ್ತೀರಿ?" ಎಂದು ವಿಚಾರಿಸತೊಡಗಿದರು. ಇಂಜಿನಿಯರು, ಡಾಕ್ಟರು, ಐ.ಎ.ಎಸ್. ಎಲ್ಲವೂ ಬಂದುವು. ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ, "ನಾನು ಚಿತ್ರ ಬರೆಯುತ್ತೇನೆ. ಅದೇ ನನ್ನ ಕೆಲಸ" ಎಂದಳು.

"ಸಂತೋಷ. ಆದರೆ ಹೊಟ್ಟೆಗೇನು ಮಾಡುತ್ತೀ?" ಎಂದರು ಹಿರಿಯರು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ" ಎಂದು ಹಿಂದಿನಿಂದ ಯಾರೋ ದನಿಗೂಡಿಸಿದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಹುಡುಗಿ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಸಕ್ಕರೆ ಅಚ್ಚನ್ನು ನೋಡುತ್ತ ನಿಂತಳು.

ಮನೆಗೆ ಬಂದ ಮೇಲೆ ಆ ನಗು ನಮ್ಮನ್ನೇ ಚುಚ್ಚತೊಡಗಿತು. ಹಿರಿಯರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಊರು ಬಿಟ್ಟು ದಿಲ್ಲಿಗೆ ಬಂದ ನಾವೆಲ್ಲ ಹೊಟ್ಟೆಯ ಪ್ರಶ್ನೆಯನ್ನು ಕಟ್ಟಿಕೊಂಡೇ ಬಂದವರು. ಆದರೆ ಉತ್ತರವನ್ನು ತಿಳಿಯುವ ಮನಸ್ಸಿಲ್ಲದೆ ಪ್ರಶ್ನೆ ಕೇಳಿದ್ದು ತಪ್ಪು. ನಿಜವಾಗಿಯೂ ಚಿತ್ರಕಾರನ ಹೊಟ್ಟೆಪಾಡು ಹೇಗೆ ನಡೆಯುತ್ತದೆ? ಅವನು ಬೆಳಗಿನಿಂದ ಸಂಜೆಯವರೆಗೆ ಮಾಡುವುದಾದರೂ ಏನು? ಇದನ್ನು ತಿಳಿಯೋಣವೆಂದು ಹೊರಟೆವು.

ಮೂರನೆಯ ಮಹಡಿಯ ಕೋಣೆ

ದಕ್ಷಿಣ ದಿಲ್ಲಿಯಲ್ಲಿ ನಮಗೆ ಪರಿಚಯದ ಚಿತ್ರಕಾರರೊಬ್ಬರಿದ್ದಾರೆ, ಧಾರವಾಡದ ಕಡೆಯವರು. ಹೆಸರು ಹಾಕಬೇಡಿರೆಂದಿದ್ದಾರೆ, ಆಗಲಿ. ಮೂರನೆಯ ಮಹಡಿಯ ಮೇಲೊಂದು ಬರಸಾತಿ ಕೋಣೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಳಗೆ ಹೋದಾಗ ಮೊದಲು ಬಡಿದದ್ದು ಅಗಸೆ ಎಣ್ಣೆ ಮತ್ತು ಟರ್ಪೆಂಟೈನಿನ ವಾಸನೆ. ಚಿತ್ರಕಾರರು ಕುಂಚ ಹಿಡಿದು ಆಕಾಶ ನೋಡುತ್ತ ಕುಳಿತಿರಬಹುದೆಂದು ನಾವು ಎಣಿಸಿದ್ದೆವು. ಅವರು ನೆಲದ ಮೇಲೆ ಕುಳಿತು, ಸುತ್ತಿಗೆ ಹಿಡಿದು, ಮರದ ಚೌಕಟ್ಟಿಗೆ ಬಟ್ಟೆ ಬಿಗಿಯುತ್ತಿದ್ದರು!

"ಚಿತ್ರ ಬರೆಯುವುದು ಕೊನೆಯ ಕೆಲಸ" ಎಂದು ನಕ್ಕರು. ಬಟ್ಟೆಯನ್ನು ತಮಟೆಯಂತೆ ಬಿಗಿಯಬೇಕು. ಅದಕ್ಕೆ ಬಿಳಿಯ ಅಸ್ತರು ಎರಡು ಮೂರು ಸಲ ಬಳಿದು, ಪ್ರತಿ ಸಲವೂ ಒಣಗಿಸಿ, ಉಜ್ಜುಕಾಗದದಿಂದ ನಯ ಮಾಡಬೇಕು. ಅಸ್ತರಿಲ್ಲದ ಬಟ್ಟೆಯ ಮೇಲೆ ಎಣ್ಣೆಬಣ್ಣ ಹಚ್ಚಿದರೆ ಎಣ್ಣೆಯು ನೂಲಿಗಿಳಿದು ಕೆಲವು ವರ್ಷಗಳಲ್ಲಿ ಬಟ್ಟೆಯನ್ನೇ ಕೊಳೆಯಿಸುತ್ತದೆ. ಬಣ್ಣಕ್ಕೂ ಶಾಸ್ತ್ರವುಂಟು: ಕೆಳಗಿನ ಪದರದಲ್ಲಿ ಎಣ್ಣೆ ಕಡಮೆ, ಮೇಲಿನದರಲ್ಲಿ ಹೆಚ್ಚು. ತಿರುಗಾಮುರುಗಾ ಮಾಡಿದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಅಲುಗಿ, ಚಿತ್ರ ಬಿರುಕು ಬಿಡುತ್ತದೆ.

ದಿಲ್ಲಿಯ ಹವೆ ಈ ಕಸುಬಿನ ದೊಡ್ಡ ಯಜಮಾನ. ಮೇ ತಿಂಗಳ ಲೂ ಬೀಸುವಾಗ ಅಕ್ರಿಲಿಕ್ ಬಣ್ಣ ಎರಡನೆಯ ಎಳೆಗೆ ಮೊದಲೇ ಒಣಗಿ ಕೂರುತ್ತದೆ. ನೀರು ಚಿಮುಕಿಸುತ್ತ ಬರೆಯಬೇಕು. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು. ದೀಪಾವಳಿಯ ನಂತರದ ಹೊಗೆಯಲ್ಲಿ ಹಸಿ ಬಣ್ಣದ ಮೇಲೆ ಮಸಿ ಕೂರುತ್ತದೆ. ಜನವರಿಯ ಮಂಜಿನಲ್ಲಿ ಎಣ್ಣೆಬಣ್ಣ ವಾರಗಟ್ಟಲೆ ಒಣಗದು. ಬೆಳಕಂತೂ ಹತ್ತೂವರೆಗೆ ಬಂದು ಮೂರೂವರೆಗೆ ಹೊರಟುಹೋಗುತ್ತದೆ. ವಿದ್ಯುದ್ದೀಪದಡಿ ನೀಲಿಯನ್ನು ನಂಬುವಂತಿಲ್ಲವಂತೆ. ಆದರೆ ಪ್ರದರ್ಶನಗಳ ಕಾಲವೆಲ್ಲ ಚಳಿಗಾಲದಲ್ಲಿಯೇ! ಆದ್ದರಿಂದ ದುಡಿಮೆಯೆಲ್ಲ ಬಿಸಿಲಿನಲ್ಲಿ, ಸುಗ್ಗಿ ಚಳಿಯಲ್ಲಿ. ನಮ್ಮ ರೈತನ ಲೆಕ್ಕವೇ ಸರಿ.

"ಸ್ಫೂರ್ತಿ ಬಾರದ ದಿನ ಏನು ಮಾಡುತ್ತೀರಿ?" ಎಂದು ಕೇಳಿದೆವು.

"ಕುಂಚ ತೊಳೆಯುತ್ತೇನೆ. ತೊಳೆಯುತ್ತಿರುವಾಗ ಸಾಮಾನ್ಯವಾಗಿ ಬಂದುಬಿಡುತ್ತದೆ."

ಲೆಕ್ಕದ ಪುಸ್ತಕ

ಸಂಕೋಚದಿಂದಲೇ ಹಣದ ಮಾತೆತ್ತಿದೆವು. ಅವರಿಗೆ ಸಂಕೋಚವಿರಲಿಲ್ಲ. ಚಿತ್ರ ಮಾರಾಟವಾದರೆ ಬೆಲೆಯ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಗ್ಯಾಲರಿಗೆ ಸಲ್ಲುವುದು ವಾಡಿಕೆ. ಉಳಿದುದರಲ್ಲಿ ಬಟ್ಟೆ, ಬಣ್ಣ, ಚೌಕಟ್ಟು, ಸಾಗಾಣಿಕೆ, ಕೋಣೆಯ ಬಾಡಿಗೆ. ಒಂದು ವರ್ಷ ಐದು ಚಿತ್ರ ಹೋದರೆ ಮರುವರ್ಷ ಒಂದೂ ಹೋಗದೆ ಇರಬಹುದು. ಅದಕ್ಕೆಂದೇ ಅವರು ವಾರದಲ್ಲಿ ಮೂರು ದಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಾರೆ. "ಅದು ಅನ್ನಕ್ಕೆ. ಉಳಿದ ನಾಲ್ಕು ದಿನ ನನ್ನವು."

ಕಾನೂನಿನ ಎರಡು ಮಾತನ್ನು ಇಲ್ಲಿ ಹೇಳಬೇಕು. ಕಲಾವಿದರ ಮನೆಗಳಲ್ಲಿಯೇ ಎಷ್ಟೋ ಜನಕ್ಕೆ ಇದು ತಿಳಿಯದು. ಚಿತ್ರಕಾರ ತಾನಾಗಿ ಬರೆದ ಚಿತ್ರವನ್ನು ನಾವು ಕೊಂಡರೆ ಚಿತ್ರ ನಮ್ಮದಾಯಿತೇ ಹೊರತು ಅದನ್ನು ಅಚ್ಚು ಹಾಕಿಸುವ ಹಕ್ಕು ನಮ್ಮದಾಗದು. ಬರೆದುಕೊಡದ ಹೊರತು ಅದು ಚಿತ್ರಕಾರನ ಜೀವಿತ ಕಾಲವೂ ಆಮೇಲೆ 60 ವರ್ಷವೂ ಅವನ ಮನೆಯವರದೇ. ಇನ್ನೊಂದು: 1957ರ ಕೃತಿಸ್ವಾಮ್ಯ ಕಾನೂನಿಗೆ ಆಮೇಲೆ ಸೇರಿಸಿದ 53ಎ ವಿಧಿಯ ಪ್ರಕಾರ, ಮೂಲ ಚಿತ್ರವೊಂದು ಹತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟು ಮರುಮಾರಾಟವಾದರೆ ಅದರಲ್ಲಿಯೂ ಚಿತ್ರಕಾರನಿಗೆ ಪಾಲುಂಟು, ಮಿತಿ ನೂರಕ್ಕೆ ಹತ್ತು. ಬಡತನದಲ್ಲಿ ಮಾರಿದ ಚಿತ್ರ ಮುಂದೆ ಇನ್ನೊಬ್ಬರ ಕೈಯಲ್ಲಿ ಚಿನ್ನವಾದಾಗ ಬರೆದವನು ಬರಿಗೈಯಲ್ಲಿ ನಿಲ್ಲಬಾರದೆಂಬುದೇ ಇದರ ಆಶಯ. ಹಕ್ಕು ಕಾಗದದ ಮೇಲಿದೆ. ಕೇಳಿ ಪಡೆಯುವವರು ಬೇಕು.

ಬೆಳಗಾವಿಯಿಂದ ಬಂದವರು

ಇನ್ನೊಂದು ಕಸುಬು ಹಿಡಿದು ಕುಂಚವನ್ನು ಉಳಿಸಿಕೊಳ್ಳುವುದು ಇಂದಿನ ಮಾತಲ್ಲ. ಕಲಬುರಗಿಯ ಎಸ್. ಎಂ. ಪಂಡಿತರು (1916–1993) ಮುಂಬಯಿಯಲ್ಲಿ ಸಿನೆಮಾ ಭಿತ್ತಿಪತ್ರ, ಕ್ಯಾಲೆಂಡರುಗಳನ್ನು ಬರೆದು ಬಾಳಿದರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರೂ ಮುಂಬಯಿಯಲ್ಲಿ ಕೆಲವು ವರ್ಷ ಮೇಷ್ಟರಾಗಿದ್ದವರೇ. ನಮ್ಮ ದಿಲ್ಲಿಯಲ್ಲಿಯೂ ಅಂಥವರೊಬ್ಬರಿದ್ದರು: ಬೆಳಗಾವಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1940ರ ದಶಕದಲ್ಲಿ ಇಲ್ಲಿಗೆ ಬಂದ ಕೆ. ಎಸ್. ಕುಲಕರ್ಣಿಯವರು. ಬಟ್ಟೆಯ ಗಿರಣಿಗೆ ವಿನ್ಯಾಸಗಳನ್ನು ಬರೆದರು. ಆಮೇಲೆ ದಿಲ್ಲಿ ಪಾಲಿಟೆಕ್ನಿಕ್ಕಿನ ಕಲಾವಿಭಾಗದಲ್ಲಿ ಪಾಠ ಹೇಳಿದರು.

ಅದು ದೇಶ ಒಡೆದ ಕಾಲ. ಲಾಹೋರಿನಿಂದ ಮನೆಮಠ ಕಳೆದುಕೊಂಡು ಬಂದ ಕಲಾವಿದರು ದಿಲ್ಲಿಯಲ್ಲಿ ನೆಲೆ ಹುಡುಕುತ್ತಿದ್ದರು. ಕೊಳ್ಳುವವರಿಲ್ಲ, ತೋರಿಸುವ ಜಾಗವಿಲ್ಲ. 1949ರಲ್ಲಿ ಬಿ. ಸಿ. ಸಾನ್ಯಾಲ್, ಪಿ. ಎನ್. ಮಾಗೊ, ಧನರಾಜ ಭಗತ್, ಕಂವಲ್ ಕೃಷ್ಣ ಮೊದಲಾದವರೊಡನೆ ಸೇರಿ ಕುಲಕರ್ಣಿಯವರು 'ದಿಲ್ಲಿ ಶಿಲ್ಪಿ ಚಕ್ರ'ವನ್ನು ಕಟ್ಟಿದರು. ಕಲೆ ಬದುಕನ್ನು ಬೆಳಗುತ್ತದೆ ಎಂಬುದು ಅವರ ಧ್ಯೇಯವಾಕ್ಯ. ಸರಕಾರದ ಲಲಿತ ಕಲಾ ಅಕಾಡೆಮಿಯಾಗಲಿ, ಜಯಪುರ ಹೌಸಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಲಿ ತೆರೆದದ್ದು 1954ರಲ್ಲಿ. ಅಂದರೆ ಸರಕಾರಕ್ಕೆ ಮೊದಲೇ ಕಲಾವಿದರು ತಮ್ಮ ಸಂಘವನ್ನು ತಾವೇ ಕಟ್ಟಿಕೊಂಡಿದ್ದರು. ಪರಊರಿನಲ್ಲಿ ಸಂಘ ಕಟ್ಟಿ ಬದುಕುವುದೆಂದರೇನೆಂದು ನಮಗೆ ಬೇರೆ ಹೇಳಬೇಕೆ?

ಮರುವರ್ಷದ ಕಥೆ ಇನ್ನೂ ಸೊಗಸು. 1950ರಲ್ಲಿ ಸುಂದರಿ ಶ್ರೀಧರಾಣಿಯವರು ತ್ರಿವೇಣಿ ಕಲಾ ಸಂಗಮವನ್ನು ಆರಂಭಿಸಿದಾಗ ಅದಕ್ಕಿದ್ದುದು ಕನ್ನಾಟ್ ಪ್ಲೇಸಿನ ಕಾಫಿ ಹೋಟೆಲೊಂದರ ಮೇಲಿನ ಒಂದೇ ಕೋಣೆ. ವಿದ್ಯಾರ್ಥಿಗಳು ಇಬ್ಬರು. ಗುರುಗಳು ಕುಲಕರ್ಣಿ! 1963ರಲ್ಲಿ ಜೋಸೆಫ್ ಸ್ಟೈನ್ ಅವರು ರೂಪಿಸಿದ ತಾನಸೇನ್ ಮಾರ್ಗದ ಕಟ್ಟಡಕ್ಕೆ ಅದು ಬಂದಿತು. ಇಂದು ನಾವು ಮಂಡಿ ಹೌಸಿನ ಬಳಿ ಇಳಿದು, ಅಲ್ಲಿ ಚಹಾ ಕುಡಿದು, ಪುಕ್ಕಟೆಯಾಗಿ ಚಿತ್ರ ನೋಡಿ ಬರುತ್ತೇವೆ. ಬೆಳಗಾವಿಯ ಒಬ್ಬ ಮೇಷ್ಟರು ಇಬ್ಬರೇ ಶಿಷ್ಯರನ್ನು ಕೂರಿಸಿಕೊಂಡು ಕುಂಚ ಹಿಡಿಸಿದ್ದು ಅದರ ಬುಡದಲ್ಲಿದೆಯೆಂದು ಎಷ್ಟು ಜನ ನೆನೆಯುತ್ತೇವೆ? ಕುಲಕರ್ಣಿಯವರು 1994ರಲ್ಲಿ ತೀರಿಕೊಂಡರು.

ಸಿಂದಗಿಯ ಬೂದಿ

ಈಗ ನಮ್ಮ ಕಾಲದವರೊಬ್ಬರ ಮಾತು. ಜಿ. ಆರ್. ಈರಣ್ಣನವರು ಹುಟ್ಟಿದ್ದು 1970ರಲ್ಲಿ, ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಕಲಬುರಗಿಯಲ್ಲಿ ಚಿತ್ರಕಲೆಯ ಪದವಿ ಪಡೆದು ದಿಲ್ಲಿಗೆ ಬಂದು, ತಿಲಕ್ ಮಾರ್ಗದ ಕಾಲೇಜ್ ಆಫ್ ಆರ್ಟಿನಲ್ಲಿ 1994ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು. 1942ರಲ್ಲಿ ಆರಂಭವಾದ ಈ ಕಾಲೇಜು ಕುಲಕರ್ಣಿಯವರು ಪಾಠ ಹೇಳಿದ ಆ ಕಲಾವಿಭಾಗದಿಂದಲೇ ಬೆಳೆದದ್ದು. 1999ರಲ್ಲಿ ಚಾರ್ಲ್ಸ್ ವ್ಯಾಲೇಸ್ ವೇತನ ಪಡೆದು ಈರಣ್ಣನವರು ಲಂಡನ್ನಿನ ವಿಂಬಲ್ಡನ್ ಕಲಾಶಾಲೆಗೂ ಹೋಗಿಬಂದರು. ಆದರೆ ನೆಲೆ ನಿಂತದ್ದು ದಿಲ್ಲಿಯಲ್ಲಿ. ಪತ್ನಿ ಪೂಜಾ ಈರಣ್ಣನವರೂ ಕಲಾವಿದೆ. ಕಾಗದ ಪೋಣಿಸುವ ಸ್ಟೇಪಲ್ ಪಿನ್ನುಗಳನ್ನು ಒಂದಕ್ಕೊಂದು ಕೂಡಿಸಿ ನಗರದ ಕಟ್ಟಡಗಳಂಥ ಆಕಾರಗಳನ್ನು ಎಬ್ಬಿಸುವವರು. ಒಂದು ಪಿನ್ನಿಗೆ ಇನ್ನೊಂದು ಪಿನ್ನು. ಎಷ್ಟು ದಿನದ ತಾಳ್ಮೆಯೋ!

ಈರಣ್ಣನವರ ಸಾಮಗ್ರಿಯನ್ನು ನೋಡಿರಿ. ಲಾರಿಗೆ ಹೊದಿಸುವ ತಾಡಪತ್ರಿಯೇ ಅವರಿಗೆ ಕ್ಯಾನ್ವಾಸು. ಇಟ್ಟಿಗೆಯ ಪುಡಿ ಬಣ್ಣ, ಬೂದಿ ಬಣ್ಣ. ಆ ಬೂದಿಯಲ್ಲಿ ಎಲೆಯುದುರಿದ, ಹೂ ತಳೆದ ಮರಗಳು ಮೂಡುತ್ತವೆ. ವಿದೇಶದ ದುಬಾರಿ ಬಣ್ಣದ ಟ್ಯೂಬು ಸಿಕ್ಕುವ ಊರಿನಲ್ಲಿ ಕುಳಿತು ಇವರೇಕೆ ಬೂದಿಗೆ ಕೈಯಿಕ್ಕಿದರೆಂದು ಪರಊರಿನವರಿಗೆ ಬೆರಗಾಗಬಹುದು. ಬಿಜಾಪುರ ಸೀಮೆಯ ಮಠಗಳನ್ನೂ ಹಣೆಯ ವಿಭೂತಿಯನ್ನೂ ನೋಡಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಒಲೆಯಲ್ಲಿ ಉಳಿಯುವುದೂ ಅದೇ, ಹಣೆಗೆ ಏರುವುದೂ ಅದೇ, ಕೊನೆಗೆ ನಾವಾಗುವುದೂ ಅದೇ.

2016ರ ಕೊಚ್ಚಿ ಬಿಯೆನಾಲೆಯಲ್ಲಿ ಅವರು ಬೂದಿಯ ಮಹಾ ಅಂಡವೊಂದನ್ನು ಮಾಡಿ ನಿಲ್ಲಿಸಿದರು, ಹೆಸರು 'ಗರ್ಭ'. ಕೊನೆಯ ವಸ್ತುವಿನಿಂದ ಮೊದಲಿನ ಆಕಾರ! ಆ ವರ್ಷ ಇಡೀ ಬಿಯೆನಾಲೆಯನ್ನು ರೂಪಿಸಿದ ಸುದರ್ಶನ ಶೆಟ್ಟಿಯವರೂ ಮಂಗಳೂರಿನಲ್ಲಿ ಹುಟ್ಟಿದವರೆಂಬುದನ್ನು ಸಂತೋಷದಿಂದ ಸೇರಿಸುತ್ತೇವೆ.

2019ರಲ್ಲಿ ಗಾಂಧೀಜಿಯವರ 150ನೆಯ ಹುಟ್ಟುವರ್ಷದ ನೆನಪಿಗೆ ವೆನಿಸ್ ಬಿಯೆನಾಲೆಯಲ್ಲಿ ಭಾರತದ ಮಂಟಪ ಎದ್ದಿತು. 2011ರ ಬಳಿಕ ಅದೇ ಮೊದಲು. ದಿಲ್ಲಿಯ ಕಿರಣ್ ನಾಡಾರ್ ಕಲಾ ಸಂಗ್ರಹಾಲಯದ ರೂಬಿನಾ ಕರೋಡೆಯವರು ಅದನ್ನು ರೂಪಿಸಿದ್ದರು. ನಂದಲಾಲ ಬೋಸರ ಹರಿಪುರದ ಚಿತ್ರಗಳ ಜೊತೆಗೆ ಅಲ್ಲಿ ಈರಣ್ಣನವರ ಕೃತಿಯೂ ಇತ್ತು: ಗೋಡೆಯ ತುಂಬ ನೂರಾರು ಮರದ ಪಾದುಕೆಗಳು. ಒಂದೊಂದರ ಮೇಲೂ ಅದನ್ನು ಮೆಟ್ಟಿದವರ ಕಸುಬನ್ನೋ ಬದುಕನ್ನೋ ಸೂಚಿಸುವ ವಸ್ತು. ಹೆಸರು ಇಂಗ್ಲಿಷಿನಲ್ಲಿರಲಿಲ್ಲ, ಹಿಂದಿಯಲ್ಲಿಯೂ ಅಲ್ಲ. 'ನಾವು' — ನಮ್ಮ ಮನೆಯ ಮಾತೇ. ಆ ಶಬ್ದ ಸಮುದ್ರ ದಾಟಿ ಹೋಯಿತು. ದಿಲ್ಲಿಯಲ್ಲೇ ಇದ್ದ ನಮ್ಮಲ್ಲಿ ಎಷ್ಟೋ ಮಂದಿಗೆ ಸುದ್ದಿಯೂ ಮುಟ್ಟಲಿಲ್ಲ.

ನಮ್ಮ ಪಾಲು

ಹಾಗಾದರೆ ಹಿರಿಯರ ಪ್ರಶ್ನೆಗೆ ಉತ್ತರವೇನು? ನಮಗೆ ತೋರಿದ್ದು ಇಷ್ಟು. ಕುಂಚ ಅನ್ನ ಕೊಡುತ್ತದೆ, ಆದರೆ ತಡವಾಗಿ. ಅಲ್ಲಿಯವರೆಗೆ ಕೈಗೆ ಇನ್ನೊಂದು ಕಸುಬಿರಬೇಕು. ಪ್ರತಿದಿನ ಕುಳಿತು ದುಡಿಯುವ ಶರೀರ ಬೇಕು. ಜೊತೆಗೆ ನಾಲ್ಕು ಜನ ಬೇಕು. ಕುಲಕರ್ಣಿಯವರಿಗೆ ಶಿಲ್ಪಿ ಚಕ್ರವಿತ್ತು. 1976ರಿಂದ ಲಲಿತ ಕಲಾ ಅಕಾಡೆಮಿಯು ಗಢಿ ಗ್ರಾಮದ ಹಳೆಯ ಕೋಟೆಯೊಳಗೆ ಕಲಾವಿದರಿಗೆ ಕೋಣೆಗಳನ್ನು ಒದಗಿಸಿದೆ. ಆದರೆ ಯಾವ ಅಕಾಡೆಮಿಯೂ ನಮ್ಮ ಮನೆಯ ಗೋಡೆಗೆ ಚಿತ್ರ ತೂಗುಹಾಕಲಾರದು. ಅದು ನಮ್ಮ ಪಾಲಿನ ಕೆಲಸ. ಮಗಳ ಮದುವೆಯ ಕರೆಯೋಲೆಗೆ, ಅಡುಗೆಯವರಿಗೆ, ವಾಲಗದವರಿಗೆ ದುಡ್ಡು ಕೊಡುವ ನಾವು, ಚಿತ್ರಕಾರನ ಬಳಿ ಹೋದಾಗ ಮಾತ್ರ "ನಮಗೊಂದು ಪುಕ್ಕಟೆ ಬರೆದುಕೊಡಿ" ಎನ್ನುತ್ತೇವೆ. ಹೊಟ್ಟೆಗೇನೆಂದು ಕೇಳುವವರೂ ನಾವೇ, ಹೊಟ್ಟೆಗೆ ಕೊಡದವರೂ ನಾವೇ.

ನಮ್ಮ ಮನೆಯ ಹಜಾರದಲ್ಲಿ ಬಹುಕಾಲ ಬ್ಯಾಂಕಿನ ಕ್ಯಾಲೆಂಡರೊಂದೇ ತೂಗುತ್ತಿತ್ತು. ಹೋದ ತಿಂಗಳು ವಿದ್ಯಾರ್ಥಿಗಳ ಪ್ರದರ್ಶನವೊಂದರಲ್ಲಿ ಚಿಕ್ಕ ಜಲವರ್ಣ ಚಿತ್ರವೊಂದನ್ನು ಕೊಂಡುತಂದೆವು. ಯಮುನೆಯ ದಂಡೆ, ಎರಡು ಎಮ್ಮೆ, ಒಂದು ಸೇತುವೆ. ಬೆಲೆ ನಮ್ಮ ಮನೆಯ ಒಂದು ತಿಂಗಳ ಹಾಲಿನ ಲೆಕ್ಕಕ್ಕೆ ಸರಿಹೋಯಿತು. ಹಣ ಎಣಿಸಿಕೊಂಡ ಹುಡುಗ, "ಇದು ನನ್ನ ಮೊದಲನೆಯ ಮಾರಾಟ" ಎಂದು ಹೇಳಿ, ಚಿತ್ರವನ್ನು ಸುತ್ತಿಕೊಡುವ ಮೊದಲು ಇನ್ನೊಂದು ಸಲ ಬಿಚ್ಚಿ ನೋಡಿದ.

ಯುಗಾದಿಯ ಕೂಟಕ್ಕೆ ಆ ಹುಡುಗಿಯನ್ನೂ ಅವಳ ತಂದೆತಾಯಿಯನ್ನೂ ಮನೆಗೆ ಕರೆದಿದ್ದೇವೆ. ಒಬ್ಬಟ್ಟಿನ ಊಟವಾದ ಮೇಲೆ ಎಲ್ಲರೂ ಜಯಪುರ ಹೌಸಿಗೆ ಹೋಗಿಬರುವುದೆಂದು ಗೊತ್ತಾಗಿದೆ. ಮೊನ್ನೆ ಪ್ರಶ್ನೆ ಕೇಳಿದ ಹಿರಿಯರೂ ಬರುತ್ತೇನೆಂದಿದ್ದಾರೆ.