ಮದ್ದು ಬಿಡುವ ದಿನ ಇಂಜಿನು ಮುಷ್ಕರ ಹೂಡಿದರೆ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಅಡಿಕೆ ತೋಟವಿರುವ ನಮ್ಮ ಮನೆಗಳಲ್ಲಿ ಮಾತು ಒಂದೇ: ಮಳೆ ಹಿಡಿಯುವ ಮೊದಲು ಒಮ್ಮೆ ಮದ್ದು ಬಿಟ್ಟಾಗಬೇಕು. ಮೈಲುತುತ್ತು ಬಂದಿರುತ್ತದೆ, ಸುಣ್ಣ ಬಂದಿರುತ್ತದೆ, ಮರ ಹತ್ತುವವನನ್ನು ಕಾಡಿ ಬೇಡಿ ಒಂದು ದಿನವನ್ನು ಗೊತ್ತು ಮಾಡಿಯೂ ಆಗಿರುತ್ತದೆ. ಆ ದಿನ ಬೆಳಗ್ಗೆ, ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿದ್ದ ಹಳೆಯ ಇಂಜಿನನ್ನು ಹೊರಗೆಳೆದು ಹಗ್ಗ ಸುತ್ತಿ ಎಳೆದರೆ ಅದು ಒಮ್ಮೆ ‘ಟುಸ್’ ಎಂದು ಸುಮ್ಮನಾಗುತ್ತದೆ. ಇನ್ನೊಮ್ಮೆ ಎಳೆದರೆ ಅಷ್ಟೂ ಇಲ್ಲ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದೆಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ತೋರಿಸಿಕೊಟ್ಟರು. ನೂರು ಲೀಟರು ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದಿಗೂ ಬದಲಾಗಿಲ್ಲ. ಬದಲಾದದ್ದು ಅದನ್ನು ಮರದ ತಲೆಗೆ ಮುಟ್ಟಿಸುವ ಕ್ರಮ. ಕೈಯಿಂದ ಜಗ್ಗುವ ಪಂಪು ಹಿಂದೆ ಸರಿದು ಅದರ ಜಾಗಕ್ಕೆ ಇಂಜಿನು ಬಂತು. ಮಾಡಿದ ದ್ರಾವಣವನ್ನು ಮಾತ್ರ ಅದೇ ದಿನ ಮುಗಿಸಬೇಕು. ನಾಳೆಗೆ ಇಟ್ಟರೆ ಅದರ ಗುಣ ಹೋಯಿತು. ಆದ್ದರಿಂದ ತುತ್ತು ಕರಗಿಸಿ ಆದ ಮೇಲೆ ಇಂಜಿನು ಕೈಕೊಟ್ಟರೆ ಆ ದಿನದ ಕೂಲಿಯೂ ಹೋಯಿತು, ಮದ್ದೂ ಹೋಯಿತು.

ಎಣ್ಮಕಜೆಯ ಕಡೆಯ ಒಂದು ಮನೆಗೆ ನಾವು ಬೇರೇನೋ ಕೆಲಸಕ್ಕೆ ಹೋದ ದಿನ ನಡೆದದ್ದು ಇದೇ. ಅಂಗಳದಲ್ಲಿ ಎರಡು ಪೀಪಾಯಿ ತುಂಬ ನೀಲಿ ದ್ರಾವಣ. ಮರ ಹತ್ತುವವನು ಜಗಲಿಯಲ್ಲಿ ಕುಳಿತು ಎಲೆ ಹಾಕುತ್ತಿದ್ದಾನೆ. ಮನೆಯ ಯಜಮಾನರು ಅಂಗಿ ಬಿಚ್ಚಿ, ಬೆವರು ಸುರಿಸುತ್ತ, ಹಗ್ಗ ಎಳೆಯುತ್ತಿದ್ದಾರೆ. ನಮ್ಮನ್ನು ಕಂಡವರೇ, ‘ಎಂತ ಮಾಡಿರೂ ಸ್ಟಾರ್ಟು ಆವುತ್ತಿಲ್ಲೆ ಭಾವ’ ಎಂದರು. ನಾವು ಮೆಕ್ಯಾನಿಕ್ಕರಲ್ಲ, ಇಂಥದೇ ಒಂದು ಮುದಿ ಇಂಜಿನನ್ನು ಹಲವು ವರ್ಷ ಸಾಕಿದವರು ಅಷ್ಟೆ. ಆ ಅನುಭವ ಹೇಳುವುದೇನೆಂದರೆ, ಮೂರು ಸಲ ಎಳೆದರೂ ಹೊರಡದ ಇಂಜಿನು ಮೂವತ್ತು ಸಲ ಎಳೆದರೂ ಹೊರಡುವುದಿಲ್ಲ. ಹಗ್ಗ ಕೆಳಗಿಟ್ಟು ನೋಡಬೇಕಾದ್ದು ಮೂರು: ಎಣ್ಣೆ ಬರುತ್ತದೆಯೇ, ಕಿಡಿ ಹಾರುತ್ತದೆಯೇ, ಗಾಳಿ ಒತ್ತುತ್ತದೆಯೇ.

ಮೊದಲು ಪ್ಲಗ್ಗು ಬಿಚ್ಚಿದೆವು. ಅದು ಒದ್ದೆಯಾಗಿತ್ತು. ಎಣ್ಣೆ ಬರುತ್ತಿದೆ ಎಂದಾಯಿತು. ಆದರೆ ಯಾವ ಎಣ್ಣೆ? ಪೆಟ್ರೋಲಿನಲ್ಲಿ ಹೊರಟು ಚಿಮಿಣಿ ಎಣ್ಣೆಯಲ್ಲಿ ಓಡುವ ಇಂಜಿನು ಇದು. ಎರಡು ಟ್ಯಾಂಕು, ನಡುವೆ ಒಂದು ನಲ್ಲಿ. ಕಾರ್ಬೊರೇಟರಿನ ಬಟ್ಟಲ ಅಡಿಯ ತಿರುಪು ಸಡಿಲಿಸಿ ನಾಲ್ಕು ಹನಿ ಅಂಗೈಗೆ ಬೀಳಿಸಿದೆವು. ಪೆಟ್ರೋಲಾದರೆ ತಣ್ಣಗೆ ತಾಗಿ ನೋಡುತ್ತಿದ್ದಂತೆ ಆರಿಹೋಗುತ್ತದೆ. ಇದು ಆರಲಿಲ್ಲ, ಜಿಡ್ಡು ಜಿಡ್ಡಾಗಿ ಕುಳಿತಿತು. ನಲ್ಲಿಯನ್ನು ಪೆಟ್ರೋಲಿಗೆ ತಿರುಗಿಸಿದ್ದರೇನು, ಬಟ್ಟಲಲ್ಲಿ ತುಂಬಿದ್ದದ್ದು ಕಳೆದ ವರ್ಷದ ಚಿಮಿಣಿ ಎಣ್ಣೆ. ಬಿಸಿಯಾದ ಇಂಜಿನಿನಲ್ಲಿ ಅದು ಆವಿಯಾಗಿ ಉರಿಯುತ್ತದೆ, ತಣ್ಣಗಿನ ಇಂಜಿನಿನಲ್ಲಿ ಪ್ಲಗ್ಗನ್ನು ನೆನೆಸುವುದಷ್ಟೇ ಅದರ ಕೆಲಸ.

ಆಗ ಬಾಗಿಲ ಬಳಿ ನಿಂತಿದ್ದ ಮನೆಯಾಕೆಗೆ ನೆನಪಾಯಿತು. ಕಳೆದ ವರ್ಷ ಎರಡನೆಯ ಮದ್ದಿನ ದಿನ ಒಮ್ಮೆಲೇ ಮಳೆ ಬಂದು, ಮರದ ಮೇಲಿದ್ದವನು ‘ನಿಲ್ಲಿಸಿ, ನಿಲ್ಲಿಸಿ’ ಎಂದು ಕೂಗಿ, ಇವರು ಓಡಿಹೋಗಿ ತಗಡನ್ನು ಪ್ಲಗ್ಗಿಗೆ ಒತ್ತಿ ನಿಲ್ಲಿಸಿದ್ದರಂತೆ. ಅಂದರೆ ಇಂಜಿನು ಕೆಟ್ಟದ್ದು ಇವತ್ತಲ್ಲ, ಹತ್ತು ತಿಂಗಳ ಹಿಂದೆ. ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ ಒಂದೆರಡು ನಿಮಿಷ ಓಡಿಸಿದ್ದರೆ ಬಟ್ಟಲಿಗೆ ಪೆಟ್ರೋಲು ಬಂದಿರುತ್ತಿತ್ತು.

ಬಟ್ಟಲನ್ನು ಖಾಲಿ ಮಾಡಿದೆವು. ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲನ್ನೂ ಚೆಲ್ಲಿಸಿದೆವು. ಯಜಮಾನರಿಗೆ ಹೊಟ್ಟೆ ಉರಿಯಿತು. ಆದರೆ ಹಳೆಯ ಪೆಟ್ರೋಲಿನ ಮೇಲೆ ಮಮತೆ ಇಟ್ಟು ಲಾಭವಿಲ್ಲ. ಬೇಗ ಹೊತ್ತಿಕೊಳ್ಳುವ ಅಂಶ ಹಾರಿಹೋಗಿ ಉಳಿದದ್ದು ಅಂಟಾಗುತ್ತದೆ. ಮೇಲಾಗಿ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. 2022ರಲ್ಲಿ ನೂರಕ್ಕೆ ಹತ್ತರಷ್ಟಿದ್ದುದು 2025ರ ಹೊತ್ತಿಗೆ ಇಪ್ಪತ್ತಕ್ಕೆ ಏರಿತು. ಎಥನಾಲ್ ನೀರನ್ನು ಹೀರುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ, ತುಕ್ಕು ಹಿಡಿಯುತ್ತದೆ. ಹಳೆಯ ಇಂಜಿನಿನ ರಬ್ಬರು ನಳಿಗೆಗಳೂ ವಾಷರುಗಳೂ ಈ ಮಿಶ್ರಣಕ್ಕೆಂದು ಮಾಡಿದವಲ್ಲ.

ಪ್ಲಗ್ಗು ಒದ್ದೆಯಾಗದೆ ಒಣಗಿಯೇ ಇದ್ದಿದ್ದರೆ ಎಣ್ಣೆಯ ದಾರಿ ಕಟ್ಟಿದೆ ಎಂದು ತಿಳಿದು ನಲ್ಲಿಯ ಜಾಲರಿಯನ್ನೂ ಕಾರ್ಬೊರೇಟರಿನ ಜೆಟ್ಟನ್ನೂ ನೋಡಬೇಕಿತ್ತು. ಜೆಟ್ಟನ್ನು ಊದಿ ಶುಚಿ ಮಾಡಬೇಕು, ಉಕ್ಕಿನ ಸೂಜಿ ತೂರಿಸಬಾರದು. ತೂತು ಒಂದು ಕೂದಲೆಳೆ ದೊಡ್ಡದಾದರೂ ಆಮೇಲೆ ಆ ಇಂಜಿನು ಕುಡಿಯುವುದನ್ನು ತಡೆಯುವವರಿಲ್ಲ.

ಹೊಸ ಪೆಟ್ರೋಲು ಹಾಕಿ ಎಳೆದರೂ ಇಂಜಿನು ಮಾತಾಡಲಿಲ್ಲ. ಇನ್ನು ಕಿಡಿಯ ಸರದಿ. ಇಂಥ ಇಂಜಿನುಗಳಲ್ಲಿ ನಿಲ್ಲಿಸುವ ತಗಡು ಪ್ಲಗ್ಗಿಗೆ ತಾಗಿಕೊಂಡೇ ಉಳಿದು, ಪೇಟೆಯ ಮೆಕ್ಯಾನಿಕ್ಕನನ್ನು ಜೀಪು ಮಾಡಿ ಕರೆತಂದ ಮೇಲೆ ಅವನು ಬೆರಳಲ್ಲಿ ಅದನ್ನು ಸರಿಸಿ ದುಡ್ಡು ಎಣಿಸಿಕೊಂಡು ಹೋದ ಕಥೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಇಲ್ಲಿ ತಗಡು ದೂರವೇ ಇತ್ತು. ವಯರನ್ನು ಇಲಿ ಕಡಿದಿರಲಿಲ್ಲ. ಚೆಲ್ಲಿದ ಪೆಟ್ರೋಲನ್ನು ಒರೆಸಿ, ಡಬ್ಬವನ್ನು ದೂರ ಇರಿಸಿ, ಒರೆಸಿದ ಪ್ಲಗ್ಗನ್ನು ವಯರಿಗೆ ಸಿಕ್ಕಿಸಿ, ಅದರ ಮೈ ಇಂಜಿನಿನ ಲೋಹಕ್ಕೆ ತಾಗುವಂತೆ, ಪ್ಲಗ್ಗಿನ ತೂತಿನಿಂದ ದೂರದಲ್ಲಿ ಇಟ್ಟು ಹಗ್ಗ ಎಳೆಸಿದೆವು. ನೀಲಿ ಕಿಡಿ ‘ಚಟ್’ ಎಂದು ಹಾರಬೇಕು. ಇಲ್ಲಿ ಹಳದಿ ಬಣ್ಣದ ಬಡಕಲು ಕಿಡಿ, ಅದೂ ಎರಡು ಸಲಕ್ಕೊಮ್ಮೆ.

ಫ್ಲೈವೀಲಿನ ಕಿಂಡಿಯಿಂದ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಪಾಯಿಂಟುಗಳ ಮೇಲೆ ಬೂದಿ ಬಣ್ಣದ ಪದರ. ತೇವದ ಪ್ರಸಾದ. ನಯವಾದ ಎಮರಿ ಕಾಗದದಿಂದ ಮೆಲ್ಲನೆ ಉಜ್ಜಿ, ಮತ್ತೆ ಗಟ್ಟಿ ಕಾಗದದ ತುಂಡೊಂದನ್ನು ನಡುವೆ ಎಳೆದು ಧೂಳು ತೆಗೆದೆವು. ಪಾಯಿಂಟು ತೆರೆದಾಗ ನಡುವಿನ ಅಂತರ ಸುಮಾರು 0.4 ಮಿಲಿಮೀಟರು, ಪ್ಲಗ್ಗಿನ ಅಂತರ 0.6ರಿಂದ 0.7, ಇಂಜಿನಿನ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಈ ಮನೆಯ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅದನ್ನು ಓದಿ ಹೇಳುತ್ತಿದ್ದ ಮಗ ಬೆಂಗಳೂರಿನಲ್ಲಿದ್ದಾನೆ, ಪುಸ್ತಕ ಗೆದ್ದಲಿನ ಪಾಲಾಗಿದೆ. ಎಷ್ಟೋ ಮನೆಗಳಲ್ಲಿ ಇಂಜಿನಿಗಿಂತ ಮೊದಲು ಕೆಡುವುದು ಇದೇ: ಅದರ ಮರ್ಜಿ ಬಲ್ಲ ಒಬ್ಬನು ಮನೆ ಬಿಟ್ಟಿರುತ್ತಾನೆ.

ಗಾಳಿಯ ಒತ್ತಡಕ್ಕೆ ಉಪಕರಣ ಬೇಡ. ಹಗ್ಗವನ್ನು ನಿಧಾನವಾಗಿ ಎಳೆದಾಗ ಒಂದು ಕಡೆ ಬಿಗಿಯಾಗಿ ತಡೆದರೆ ಸರಿ. ಬಾವಿಯ ರಾಟೆಯಂತೆ ಸಲೀಸಾಗಿ ತಿರುಗಿದರೆ ವಾಲ್ವು ತೆರೆದಲ್ಲೇ ಸಿಕ್ಕಿಕೊಂಡಿದೆ, ಅಥವಾ ಪಿಸ್ಟನಿನ ರಿಂಗು ಸವೆದಿದೆ. ಪ್ಲಗ್ಗಿನ ತೂತಿಗೆ ಒಂದು ಚಮಚ ಇಂಜಿನು ಎಣ್ಣೆ ಬಿಟ್ಟಾಗ ಬಿಗಿ ಬಂದರೆ ರಿಂಗಿನದೇ ದೋಷ. ಅದು ಮನೆಯಲ್ಲಿ ಮುಗಿಯುವ ಕೆಲಸವಲ್ಲ. ಇಲ್ಲಿ ಬಿಗಿ ಚೆನ್ನಾಗಿಯೇ ಇತ್ತು. ಸೈಲೆನ್ಸರಿನ ಬಾಯಲ್ಲಿ ಮಾತ್ರ ಕುಂಬಾರ ಹುಳ ಅಚ್ಚುಕಟ್ಟಾಗಿ ಮಣ್ಣಿನ ಮನೆ ಕಟ್ಟಿಕೊಂಡಿತ್ತು. ಅದನ್ನು ಕೆದಕಿ ತೆಗೆದೆವು.

ಹಗ್ಗವನ್ನು ಕೈಗೆ ಸುತ್ತಿಕೊಂಡು ಎಳೆಯುವ ದುರಭ್ಯಾಸ ನಮ್ಮಲ್ಲಿ ಬಹಳ. ಇಂಜಿನು ಹಿಂದಕ್ಕೆ ಒದ್ದರೆ ಬೆರಳು ಹೋಗುತ್ತದೆ. ತುದಿಗೆ ಮರದ ಹಿಡಿ ಕಟ್ಟಿ ಬೆರಳಲ್ಲಿ ಹಿಡಿಯಬೇಕು, ಬಿಟ್ಟರೆ ಬಿಟ್ಟುಹೋಗುವಂತೆ. ಪಂಪಿನ ಒತ್ತಡದ ತಿರುಪನ್ನೂ ಸಡಿಲಿಸಿ, ಹೊರೆ ಇಳಿಸಿ ಎಳೆದೆವು. ಎರಡನೆಯ ಎಳೆತಕ್ಕೆ ಹೊರಟಿತು. ಯಜಮಾನರ ಮುಖ ಅರಳಿತು. ನಾಲ್ಕು ನಿಮಿಷಕ್ಕೆ ಇಂಜಿನು ಕೆಮ್ಮಿ ನಿಂತಿತು.

ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ‘ಸ್ಸ್’ ಎಂದು ಗಾಳಿ ಒಳಗೆ ಹೋದ ಸದ್ದು. ಮುಚ್ಚಳದಲ್ಲೊಂದು ಸಾಸಿವೆ ಗಾತ್ರದ ತೂತಿರುತ್ತದೆ, ಎಣ್ಣೆ ಇಳಿದಷ್ಟು ಗಾಳಿ ಒಳಬರಲು. ಅದು ಕೊಳೆಯಿಂದ ಮುಚ್ಚಿದ್ದರೆ ಇಂಜಿನು ಸ್ವಲ್ಪ ಓಡಿ ಉಸಿರುಕಟ್ಟಿ ನಿಲ್ಲುತ್ತದೆ. ಕಡ್ಡಿಯಿಂದ ಚುಚ್ಚಿದ ಮೇಲೆ ಮತ್ತೆ ನಿಲ್ಲಲಿಲ್ಲ. ಆದರೆ ಅಷ್ಟರಲ್ಲಿ ಗಂಟೆ ಮೂರಾಗಿತ್ತು, ಪಡುವಣ ಕಪ್ಪಾಗಿತ್ತು. ಮರ ಹತ್ತುವವನು ಹನ್ನೆರಡಕ್ಕೇ ಎದ್ದು ಹೋಗಿದ್ದ; ನಾಳೆಯಿಂದ ಅವನಿಗೆ ಬೇರೆ ತೋಟ. ಪೀಪಾಯಿಯ ನೀಲಿಯನ್ನು ತೆಂಗಿನ ಮರದ ಬುಡದಿಂದ ದೂರ ಗುಡ್ಡೆಯ ಬದಿಗೆ ಹೊತ್ತು ಚೆಲ್ಲಿದರು. ಅವನು ಮರಳಿ ಬಂದದ್ದು ಒಂಬತ್ತನೆಯ ದಿನ. ನಡುವಿನ ಎಂಟು ದಿನ ಮಳೆ ಬಿಡಲಿಲ್ಲ.

ತುತ್ತು ಕರಗಿಸುವ ಮೊದಲು ಇಂಜಿನು ನೋಡಿದ್ದರೆ ಎಂದು ನಾವು ಆ ದಿನ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇವೆ: ಮರ ಹತ್ತುವವನಿಗೆ ಮಾತು ಕೊಡುವ ಒಂದು ವಾರ ಮೊದಲು ಇಂಜಿನು ಹತ್ತು ನಿಮಿಷ ಓಡಲಿ, ಬಯಲಲ್ಲಿ; ಮುಚ್ಚಿದ ಶೆಡ್ಡಿನಲ್ಲಿ ಆ ಹೊಗೆ ವಿಷ. ಅಡಿಯ ಇಂಜಿನು ಎಣ್ಣೆಯನ್ನು ಮೂಸಿ ನೋಡಿ. ಚಿಮಿಣಿ ಎಣ್ಣೆಯ ವಾಸನೆ ಬಂದರೆ, ಮಟ್ಟ ಏರಿದ್ದರೆ, ಬದಲಿಸಿ. ಮದ್ದಿನ ಕೆಲಸ ಪೂರ್ತಿ ಮುಗಿದ ಮೇಲೆ ಟ್ಯಾಂಕು ಬಟ್ಟಲು ಎರಡನ್ನೂ ಖಾಲಿ ಮಾಡಿ, ಪ್ಲಗ್ಗಿನ ತೂತಿಗೆ ಒಂದು ಚಮಚ ಎಣ್ಣೆ ಬಿಟ್ಟು ಒಂದೆರಡು ಸುತ್ತು ತಿರುಗಿಸಿ, ಹಗ್ಗ ಬಿಗಿ ಹಿಡಿಯುವ ಜಾಗದಲ್ಲಿ ನಿಲ್ಲಿಸಿ. ಆಗ ವಾಲ್ವುಗಳೆರಡೂ ಮುಚ್ಚಿರುತ್ತವೆ.

ಆಟಿಯಲ್ಲಿ ಎರಡನೆಯ ಮದ್ದಿನ ಹೊತ್ತಿಗೆ ನಾವು ಮತ್ತೆ ಆ ದಾರಿಯಾಗಿ ಹೋಗಿದ್ದೆವು. ತೋಡಿನ ಬದಿಯ ಸಾಲುಗಳಡಿ ಎಳೆ ಅಡಿಕೆ ಕೊಳೆತು ಉದುರಿ ಬಿದ್ದಿತ್ತು. ಯಜಮಾನರು ಅದರ ಮಾತೆತ್ತಲಿಲ್ಲ, ನಾವೂ ಎತ್ತಲಿಲ್ಲ. ಇಂಜಿನು ಓಡುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಸೀಮೆಸುಣ್ಣದಿಂದ ಮನೆಯಾಕೆ ಕನ್ನಡದಲ್ಲಿ ಬರೆದಿದ್ದರು: ‘ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ.’ ಕೆಲಸದ ಹುಡುಗನಿಗೆ ಕನ್ನಡ ಓದಲು ಬಾರದೆಂದು ನೆರೆಮನೆಯ ಶಾಲೆಯ ಮಗು ಅದರಡಿಯಲ್ಲಿ ಅದನ್ನೇ ಮಲಯಾಳದಲ್ಲಿ ಬರೆದಿತ್ತು. ಮಳೆಹನಿ ಬಿದ್ದು ಮೇಲಿನಿಂದ ಕೂಗು ಬಂದಾಗ ಹುಡುಗ ತಗಡಿಗೆ ಕೈ ಹಾಕಿದವನು ಬಾಗಿಲ ಕಡೆ ನೋಡಿ ನಲ್ಲಿ ತಿರುಗಿಸಿದ, ಮತ್ತೆ ಎರಡು ನಿಮಿಷ ನೆನೆಯುತ್ತ ಕಾದ.